ಒಂದು ತೂತು ಕಡಿಮಿ

ಶನಿವಾರ ಸಾಲಿ ಬಿಟ್ಟು ಬಂದ ರಕ್ಷಿತಾ
ಪಾಟಿಚೀಲ ಒಗದು ಅಂದ್ಲು:
"ಸೋಮವಾರ ಕಸದಿಂದ ರಸ ಮಾಡಿ ತರಬೇಕಂತ.
ಬಾಟ್ಲಿ ನಡಿಯೂದಿಲ್ಲಂತ. ಹ್ವಾದ ವರ್ಷ
ನಲವತ್ತು ಮಂದಿ ಬಾಟ್ಲಿನ ತಂದಿದ್ರಂತ."

ನಮ್ಮನ್ಯಾಗ ಕಸಕ್ಕೇನು ಬರ?
ನಿಚ್ಚಣಿಕಿ ಹಚ್ಚಿ ಅಟ್ಟ ಏರಿದೆ.
ಮೂಗು ಮುರದ ಲಾಳಿ, ಹಲ್ಲು ಹ್ವಾದ ಫಣಿ,
ಡಬ್ಬಿ ತುಂಬ ಖಾಲಿ ಕಂಡಿಕಿ,
ಯಾರ ಉಡಿಗೂ ಬೀಳದ ಅರ್ಧ ಖಣ,
ಇಲಿ ರುಚಿ ನೋಡಿ ಬಿಟ್ಟದ್ದು.
ಮೂಲ್ಯಾಗೊಂದು ಗೋಣಿಚೀಲ. ಅದರಾಗ
ಮಾವನ ಜಕಾರ್ಡಿನ ರಟ್ಟು,
ಒಂದರ ಸೊಂಟಕ್ಕೊಂದು ದಾರ ಕಟ್ಟಿಕೊಂಡು
ಮಡಚಿ ಕುಂತಿದ್ವು, ಹದಿನಾರು ವರ್ಷದಿಂದ.

ರದ್ದಿಯವ ಕಿಲೋಕ್ಕ ಎಂಟು ಅಂದಿದ್ದ.
ಅತ್ತಿ ಹನ್ನೆರಡು ಕೇಳಿದ್ಲು.
ಅವ ಹನ್ನೆರಡಕ್ಕ ಒಪ್ಪಿದ ದಿನ
ಇಪ್ಪತ್ತು ಅಂದ್ಲು.

ಹಸಿ ಅರಿವಿಲೆ ಒರಸಿದೆ.
ಹಲ್ಲಿ ತತ್ತಿ ನಾಕು ಉದುರಿದ್ವು, ಒಂದು ಬೀಡಿ ತುಂಡು.
ರಕ್ಷಿತಾ ಸಣ್ಣಾಕಿದ್ದಾಗಿನ ಮೂರು ಗಾಲಿ ಸೈಕಲ್ಲಿನ
ರಿಮ್ಮು ತಗದು, ಅದರ ಸುತ್ತ ರಟ್ಟು ನಿಲ್ಲಿಸಿದ್ವಿ.
ಮೈದಾದ ಅಂಟಿನ್ಯಾಗ ಚೂರು ಮೈಲುತುತ್ತ,
ಇಲಿ ಮತ್ತ ಬಾಯಿ ಹಾಕಬಾರದಂತ.
ಖಣ ಹರದು ಮ್ಯಾಲೊಂದು ಅಂಚು, ಕೆಳಗೊಂದು.

ಅತ್ತಿ ಶಾಕವ್ವನ ಕಣ್ಣಿಗೆ ಪರದಿ ಬಂದೈತಿ.
ಬಿಸಲಿಗೆ ಬೆನ್ನು ಕೊಟ್ಟು ಕುಂತಾಕಿ
"ಏನದು, ಇಲ್ಲಿ ತಾ" ಅಂದ್ಲು.
ತೊಡಿ ಮ್ಯಾಲಿಟ್ಟುಕೊಂಡು ತೂತಿನ ಸಾಲಿನ ಮ್ಯಾಲ
ಬಟ್ಟು ಆಡಿಸಿದ್ಲು, ಅಕ್ಕಿಯಾಗ ಹಳ್ಳು ಹುಡುಕಿದಂಗ.
"ಆನಿ ಹೆಜ್ಜಿ. ಇಲ್ಲಿಂದ ಸುರು.
ತೂತಿದ್ದಲ್ಲಿ ಎಳಿ ಏಳತೈತಿ,
ಇಲ್ಲದಲ್ಲಿ ಮಲಗತೈತಿ.
ಅಷ್ಟ ನೋಡವಾ ನೇಯಿಗಿ."

ಏಳನೇ ರಟ್ಟಿಗೆ ಬಟ್ಟು ನಿಂತ್ವು.
ಅಲ್ಲಿ ಒಂದು ತೂತಿಗೆ
ಕರೇ ಟೇಪು, ಕುಂಕುಮದಷ್ಟು ಅಗಲ.
ನಾ ಸೂಜಿ ತಗೊಂಡೆ ಕೀಳಾಕ.

"ಮುಟ್ಟೀದಿ ಅಂದ್ರ ನೋಡು!
ಅದು ಮಾಗುಂಡಪ್ಪನ ಕಿತಾಪತಿ.
ಪ್ರತಿ ಖಣಕ್ಕೂ ಆನಿ ಉಗುರಿನ್ಯಾಗ ಒಂದು ಚುಕ್ಕಿ ಕಡಿಮಿ.
ಸಾವಕಾರ ಭೂತಗನ್ನಡಿ ಹಿಡದು ಹುಡುಕಿ
ಖಣಕ್ಕ ನಾಕಾಣೆ ಮುರಕೋತಿದ್ದ.
ಯಾಕಪ್ಪಾ ಅಂದ್ರ, ನಂದು ಅಂತ ಗುರ್ತ ಬ್ಯಾಡೇನು ಅಂತಿದ್ದ.
ಬಾದಾಮಿ ಬಸ್ ಸ್ಟ್ಯಾಂಡಿನ್ಯಾಗ
ಕಂಡ ಕಂಡ ಹೆಣಮಕ್ಕಳ ಬೆನ್ನ ನೋಡಕೋತ
'ಇದು ನಂದು, ಅದು ನಂದಲ್ಲ' ಅಂತ ಎಣಸತಿದ್ದ.
ಏನು ಮಾನಗೇಡಿ ಮನಿಶ್ಯಾ ಅಂತ
ಮೂರು ದಿನ ಮಾತ ಬಿಟ್ಟಿದ್ದೆ."

ಹೇಳಿ ಸೆರಗಿನ್ಯಾಗ ಮುಖ ಒರಸಿಕೊಂಡ್ಲು.
ನಗತಿದ್ಲೋ ಏನೋ, ನನಗ ಬೆನ್ನ ಕಾಣತಿತ್ತು,
ಮಾಸಿದ ಖಣದ ಕುಬಸ.
ಅದರಾಗ ಹುಡುಕಬೇಕಂತ ಅನಿಸಿತು, ಹುಡುಕಲಿಲ್ಲ.

ರಾತ್ರಿ ಒಂಬತ್ತರ ಬಲ್ಬು ಹಾಕಿ ದೀಪ ಹಚ್ಚಿದ್ವಿ.
ಗ್ವಾಡಿ ಮ್ಯಾಲ, ಜ್ವಾಳದ ಚೀಲದ ಮ್ಯಾಲ,
ನೀರಿನ ಕೊಡದ ಹೊಟ್ಟಿ ಮ್ಯಾಲ ಬೆಳಕಿನ ಕಾಳು.
ರಕ್ಷಿತಾ ಹೂವು ಅಂದ್ಲು,
ಅವರಪ್ಪ ದಡಾರ ಎದ್ದಂಗೈತಿ ಅಂದ.
ಅತ್ತಿ ಮಾತ್ರ
"ಅದೊಂದು ಕತ್ತಲಿ ಐತೇನ? ಎಲ್ಲೈತಿ?"
ಕೂಸು ಎಣಿಸಿ, ಕಾಲೆತ್ತರಿಸಿ ಗ್ವಾಡಿಗೆ ಬಟ್ಟಿಟ್ಟು
ಅಜ್ಜಿ ಕೈ ಹಿಡಿದು ಅಲ್ಲಿಗೆ ಒಯ್ದಳು.
ಬೆಳಕೆಲ್ಲಾ ಆಕಿ ಮುಂಗೈ ಮ್ಯಾಲ ಬಿತ್ತು.
ಆಕಿಗದು ಗೊತ್ತಿಲ್ಲ.

ಸೋಮವಾರ ಸಂಜೀಕ ರಕ್ಷಿತಾ ಮುಖ ಊದಿಸಿಕೊಂಡು ಬಂದ್ಲು.
"ಹತ್ತಕ್ಕ ಒಂಬತ್ತು. ಎಲ್ಲಾ ಚಂದೈತಿ,
ಒಂದು ತೂತು ಮುಚ್ಚೈತಿ ಅಂತ ಟೀಚರ್
ಒಂದು ಮಾರ್ಕ ಮುರದಾರ."

ಎಲಿ ಅಡಕಿ ಬಾಯಿಂದ ಸಿಡಿಯೂವಂಗ
ನಕ್ಕಳು ಅತ್ತಿ.
"ಸಸ್ತಾ ಆತು ಬಿಡು.
ಸಾವಕಾರ ನಾಕಾಣೆ ಮುರೀತಿದ್ದ."